ಅಸಲಿ ಫಿಯೆಟ್ಟು, ಬೆರಕೆ ಪದ್ಮಿನಿ

ನನ್ನ ಪ್ರೀಮಿಯರ್ ಪದ್ಮಿನಿಯಲ್ಲಿ ಪದ್ಮಿನಿಯ ಪಾಲು ಎಷ್ಟು ಉಳಿದಿದೆ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ. ಹೊರಗಿನ ತಗಡು ಅದರದೇ. ಹುಟ್ಟುವಾಗ ಇದ್ದ 1089 ಸಿಸಿ ಎಂಜಿನ್ ಹೋಗಿ, ಅದೇ ಕಂಪನಿಯ 118 ಎನ್‌ಇ ಕಾರಿನ 1171 ಸಿಸಿ ಎಂಜಿನ್ ಬಂದಿದೆ. ಅದರ ಮೂಲ ಹುಡುಕಿದರೆ ಜಪಾನಿನ ನಿಸಾನ್ ಮನೆತನ. ಗೇರಿನ ಕಡ್ಡಿ ಸ್ಟಿಯರಿಂಗ್ ಬುಡದಿಂದ ಇಳಿದು ನೆಲಕ್ಕೆ ಬಂದಿದೆ. ಮುಂದಿನ ಉದ್ದ ಸೀಟಿನ ಜಾಗದಲ್ಲಿ ಗುಜರಿಗೆ ಹೋದ ಯಾವುದೋ ಕಾರಿನ ಎರಡು ಬಕೆಟ್ ಸೀಟುಗಳು ಕುಳಿತಿವೆ. ಎ.ಸಿ. ಇದೆ. ಅದನ್ನು ಹಾಕಿದರೆ ಕಾರು ಚಾಮುಂಡಿ ಬೆಟ್ಟ ಹತ್ತಲು ಒಪ್ಪುವುದಿಲ್ಲ. ತಾಯಿಯ ದರ್ಶನ ಬೇಕೆಂದರೆ ಬೆವರಲೇಬೇಕು. ಇಷ್ಟನ್ನೂ ಮಾಡಿಸಿದವರು ಹಿಂದಿನ ಒಡೆಯರು. ನನ್ನ ಕೊಡುಗೆ ಒಂದು ಸ್ಟೀರಿಯೋ ಮಾತ್ರ, ಅದೂ ಬಲಗಡೆ ಹಾಡುವುದಿಲ್ಲ.

ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ನಮೂದಾಗಿರುವುದರಿಂದ ಕಾನೂನಿನ ಭಯವಿಲ್ಲ. ಆದರೂ ಒಮ್ಮೆ ತಪಾಸಣೆಗೆ ನಿಲ್ಲಿಸಿದ ಪೊಲೀಸರೊಬ್ಬರು ಬಾನೆಟ್ ಎತ್ತಿಸಿ ನೋಡಿ, "ಬಾಡಿ ಒಂದರದು, ಎಂಜಿನ್ ಇನ್ನೊಂದರದು, ಸೀಟು ಮತ್ತೊಂದರದು. ಇದರಲ್ಲಿ ನಿಮ್ಮದು ಯಾವುದು ಸ್ವಾಮಿ?" ಎಂದರು. "ಸಾಲ" ಎಂದೆ. ಬಿಟ್ಟು ಕಳುಹಿಸಿದರು.

ಹೀಗೆ ಸುಖವಾಗಿದ್ದವನಿಗೆ ನಮ್ಮ ಬಡಾವಣೆಯ ನಿವೃತ್ತ ಮೇಷ್ಟರು ಒಂದು ಪ್ರಸ್ತಾಪ ತಂದರು. ಅವರ ಮನೆಯ ಶೆಡ್ಡಿನಲ್ಲಿ ಅವರ ತಂದೆ ಕೊಂಡ 1968ರ ಫಿಯೆಟ್ 1100 ಡಿಲೈಟ್ ಇದೆ. ಎಂವೈ ಎಂದು ಶುರುವಾಗುವ ನಂಬರು, ಅಂದರೆ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವುದಕ್ಕೂ ಐದು ವರ್ಷ ಮೊದಲಿನದು. ಇದೇ ಕಾರಿಗೆ ಆಮೇಲೆ ಬಂದ ಪದ್ಮಿನಿ ಎಂಬ ಹೆಸರೂ ಆಗ ಇರಲಿಲ್ಲ, ಅದು 1974ರದು. ಮುಂಬೈಯ ಕುರ್ಲಾ ಕಾರ್ಖಾನೆಯಿಂದ ಹೇಗೆ ಹೊರಬಂದಿತೋ ಹಾಗೆಯೇ ಇದೆ, ಒಂದು ಬೋಲ್ಟೂ ಬದಲಾಗಿಲ್ಲ ಎಂದರು ಮೇಷ್ಟರು. "ನಿಮ್ಮದು ನನಗೆ, ನನ್ನದು ನಿಮಗೆ. ಮೇಲೆ ಒಂದು ರೂಪಾಯಿಯೂ ಬೇಡ."

ಹಳೆಯ ಕಾರುಗಳ ಲೋಕದಲ್ಲಿ ಅಸಲಿಗೆ ಇರುವ ಬೆಲೆ ಬೆರಕೆಗೆ ಇಲ್ಲ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟ ಮೇಲಂತೂ, ಅಲ್ಲಿಯವರೆಗೆ ಅವುಗಳ ಹೊಗೆಗೆ ಮೂಗು ಮುಚ್ಚಿಕೊಂಡವರಿಗೂ ಅಕ್ಕರೆ ಉಕ್ಕಿ ಬಂದಿದೆ. ಅಂಥದ್ದರಲ್ಲಿ ಅಸಲಿಯನ್ನು ಕೊಟ್ಟು ಬೆರಕೆಯನ್ನು ಕೇಳುತ್ತಿರುವ ಮೇಷ್ಟರ ಬಗ್ಗೆ ನನ್ನ ಹೆಂಡತಿಗೆ ಗುಮಾನಿ ಬಂದಿತು. "ಅಲ್ಲ ರೀ, ಅಷ್ಟು ಒಳ್ಳೆಯದಾಗಿದ್ದರೆ ಅವರೇಕೆ ಕೊಡುತ್ತಾರೆ? ಹೋಗಿ ಸರಿಯಾಗಿ ನೋಡಿಕೊಂಡು ಬನ್ನಿ" ಎಂದಳು. ನೋಡುವುದು ಬಲ್ಲವನು ನಾನಲ್ಲವಾದ್ದರಿಂದ ನಮ್ಮ ಮೆಕ್ಯಾನಿಕ್ಕನನ್ನೂ ಕರೆದುಕೊಂಡು ಹೋದೆ.

ಕಾರು ಅಷ್ಟು ವರ್ಷ ಅಸಲಿಯಾಗಿಯೇ ಉಳಿದ ಗುಟ್ಟು ಅಲ್ಲಿ ತಿಳಿಯಿತು. ಪಿತೃಭಕ್ತಿ ಎಂದು ನಾನು ಭಾವಿಸಿದ್ದೆ. ಕಾರಣ ಪಾಲಿನ ದಾವೆ! ತಂದೆ ತೀರಿಕೊಂಡ ಮೇಲೆ ಮೇಷ್ಟರಿಗೂ ಅವರ ತಮ್ಮನಿಗೂ ವ್ಯಾಜ್ಯ ಹತ್ತಿಕೊಂಡಿತು. ಚರಾಸ್ತಿಯ ಪಟ್ಟಿಯಲ್ಲಿ ಹಿತ್ತಾಳೆಯ ಹಂಡೆಗೂ ತೂಗುಮಂಚಕ್ಕೂ ನಡುವೆ ಫಿಯೆಟ್ಟು ಸೇರಿತು. ನ್ಯಾಯಾಲಯ ಯಥಾಸ್ಥಿತಿ ಕಾಪಾಡಿ ಎಂದಿತು. ಅಣ್ಣ ಟೈರು ಬದಲಾಯಿಸಿದರೆ ತಮ್ಮ ಅರ್ಜಿ ಹಾಕುತ್ತಾನೆ, ತಮ್ಮ ಬಣ್ಣ ಹೊಡೆಸಿದರೆ ಅಣ್ಣ ವಕೀಲರ ಮನೆಗೆ ಓಡುತ್ತಾನೆ. ಊರಿನ ಫಿಯೆಟ್ಟುಗಳೆಲ್ಲ ಒಂದೊಂದಾಗಿ ಗೇರು ಕೆಳಗಿಳಿಸಿಕೊಂಡು, ಸೀಟು ಕಳೆದುಕೊಂಡು, ಕೊನೆಗೆ ಗುಜರಿ ಸೇರುತ್ತಿದ್ದ ಕಾಲದಲ್ಲಿ ಇದೊಂದು ಮಾತ್ರ ಮೈಮೇಲೆ ಗೀರೂ ಬೀಳದೆ ನಿಂತಿತ್ತು. ಪರಂಪರೆ ಉಳಿಸುವುದರಲ್ಲಿ ನಮ್ಮ ಸಿವಿಲ್ ದಾವೆಗಳನ್ನು ಮೀರಿಸುವ ಸಂಸ್ಥೆ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿತು. ಇಬ್ಬರಿಗೂ ವಯಸ್ಸಾಗಿ ಮಂಡಿ ನೋವು ಬಂದ ಮೇಲೆ ರಾಜಿಯಾಯಿತಂತೆ.

ಬಾಗಿಲು ತೆರೆದೆ. ಈಗಿನ ಕಾರುಗಳಲ್ಲಿ ಕೇಳದ ಗಟ್ಟಿ ಸದ್ದು. ಸ್ಟಿಯರಿಂಗ್ ಬುಡದಲ್ಲಿ ಕೈ ಗೇರು, ಚೋಕಿನ ಗುಬಟು, ಮುಂದಿನ ಕಿಟಕಿಯ ಮೂಲೆಯಲ್ಲಿ ತಿರುಗಿಸಿದರೆ ಮುಖಕ್ಕೆ ಗಾಳಿ ಬಡಿಯುವ ಆ ಪುಟ್ಟ ಮುಮ್ಮೂಲೆ ಗಾಜು. ಡ್ಯಾಶಿನ ಖಾನೆಯೊಳಗೆ ಒಂದು ವಿಭೂತಿ ಗಟ್ಟಿ ಮತ್ತು ಪ್ಲಗ್ ಸ್ಪ್ಯಾನರ್. ಎಂಜಿನ್ ನಿಂತಾಗ ತಂದೆಯವರು ಎರಡರಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳುತ್ತಿದ್ದರೋ ಮೇಷ್ಟರು ಹೇಳಲಿಲ್ಲ. ನಾನು ಆಗಲೇ ಸೋತಿದ್ದೆ. ಆದರೆ ಕಾರಿನಡಿ ಮಲಗಿದ್ದ ಮೆಕ್ಯಾನಿಕ್ ಅಲ್ಲಿಂದಲೇ ಕೂಗಿದ. "ಸರ್, ಇಲ್ಲಿ ಒಂದು ತೆಂಗಿನ ಮರ ಕಾಣಿಸುತ್ತಿದೆ!"

ಬಗ್ಗಿ ನೋಡಿದೆವು. ಡ್ರೈವರ್ ಕಾಲಿಡುವ ಕಡೆ ತುಕ್ಕು ತಿಂದ ನೆಲಕ್ಕೆ ಡಾಲ್ಡಾ ಡಬ್ಬಿಯ ತಗಡು ಕತ್ತರಿಸಿ ರಿವೆಟ್ ಹೊಡೆದಿದ್ದರು. ಹಳದಿ ಮಾಸಿದ್ದರೂ ಹಸಿರು ಮರ ಮಾತ್ರ ಅಚ್ಚಳಿಯದೆ ನಿಂತಿತ್ತು.

"ಅದೂ ಅಸಲಿಯೇ" ಎಂದರು ಮೇಷ್ಟರು, ಮುಖದ ಗೆರೆಯೂ ಅಲುಗದಂತೆ. "ನಮ್ಮ ತಂದೆಯವರೇ ಹಾಕಿಸಿದ್ದು. ಡಬ್ಬಿಯೂ ಆ ಕಾಲದ್ದೇ."

ಇದು ನಗುವ ಮಾತೇನೂ ಅಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಕಾರಿಗೆ ವಿಂಟೇಜ್ ಪಟ್ಟ ಸಿಗುತ್ತದೆ, ಆದರೆ ಚಾಸಿ, ಬಾಡಿ, ಎಂಜಿನ್ ಯಾವುದೂ ಮಾರ್ಪಾಡಾಗಿರಬಾರದು. ಡಾಲ್ಡಾ ಡಬ್ಬಿ ಮಾರ್ಪಾಡೋ ದುರಸ್ತಿಯೋ? ನಿಯಮ ಬರೆದವರು ನಮ್ಮ ಅಪ್ಪಂದಿರನ್ನು ಕಂಡವರಲ್ಲ. ಪಟ್ಟ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಆಮೇಲೆ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ಪೆಟ್ರೋಲು ತುಂಬಿಸುವುದು, ದುರಸ್ತಿ, ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಯಬಹುದು. ಇದನ್ನು ಮನೆಯಲ್ಲಿ ವಿವರಿಸಿದಾಗ ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿ, "ಪೆಟ್ರೋಲು ಹಾಕಿಸಲು ಹೋಗುವಾಗ ದಾರಿಯಲ್ಲಿ ದೇವರಾಜ ಮಾರುಕಟ್ಟೆ ಸಿಕ್ಕಿಬಿಟ್ಟರೆ?" ಎಂದು ಕೇಳಿದಳು.

ವಿಂಟೇಜ್ ಪಟ್ಟ ಬೇಡ, ಸಾಮಾನ್ಯ ಕಾರಾಗಿಯೇ ಓಡಿಸುತ್ತೇನೆ ಎಂದರೆ ಆರ್‌ಸಿ ನವೀಕರಣ ಐದು ವರ್ಷಕ್ಕೊಮ್ಮೆ ಬಂದು ಎದುರಿಗೆ ನಿಲ್ಲುತ್ತದೆ. ಆರು ನೂರು ರೂಪಾಯಿ ಇದ್ದ ಶುಲ್ಕ 2022ರಲ್ಲಿ ಐದು ಸಾವಿರಕ್ಕೆ ನೆಗೆಯಿತು. ಅದಿರಲಿ.

ಓಡಿಸಿ ನೋಡೋಣ ಎಂದು ಇಬ್ಬರೂ ಕಾರು ಅದಲುಬದಲು ಮಾಡಿಕೊಂಡು ಹೊರಟೆವು. ನಾಲ್ಕು ಗಾಲಿಗೂ ಡ್ರಮ್ ಬ್ರೇಕು. ಸಿಗ್ನಲ್ಲು ಕೆಂಪಾಗುವುದನ್ನು ಮೊದಲೇ ಊಹಿಸಿ ಒತ್ತುತ್ತಾ ಬರಬೇಕು. ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಕಾರು ನಡುರಸ್ತೆಯಲ್ಲಿ ನಿಂತಿತು. ಹಿಂದೆಯೇ ಬರುತ್ತಿದ್ದ ಮೇಷ್ಟರು ಇಳಿದರು, ಹೆಗಲ ಮೇಲಿನ ಟವೆಲ್ಲನ್ನು ಬಾಟಲಿ ನೀರಿನಲ್ಲಿ ಅದ್ದಿದರು, ಬಾನೆಟ್ಟಿನಡಿಯ ಪೆಟ್ರೋಲ್ ಪಂಪಿಗೆ ಸುತ್ತಿದರು, ಒಂದು ಮಾತೂ ಆಡದೆ ಹೋಗಿ ಎ.ಸಿ.ಯಲ್ಲಿ ಕುಳಿತರು. "ಕಾರೇನೋ ಅಸಲಿ ಸರ್, ಪೆಟ್ರೋಲೇ ಬೆರಕೆ" ಎಂದ ಮೆಕ್ಯಾನಿಕ್. ನಿಜ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತದ್ದು. 1968ರ ರಬ್ಬರ್ ವಾಷರುಗಳಿಗೆ ಅದರ ಪರಿಚಯವಿಲ್ಲ.

ಟವೆಲ್ಲು ತಣ್ಣಗಾಗಿಸುವವರೆಗೆ ಸುತ್ತ ಜನ ಸೇರಿದರು. ಒಂದು ವಿಷಯ ಗಮನಿಸಿದೆ. ನನ್ನ ಪದ್ಮಿನಿಯ ಹತ್ತಿರ ಬರುವವರು ಮೀಸೆ ಚಿಗುರುತ್ತಿರುವ ಹುಡುಗರು. ಯಾವ ಎಂಜಿನ್, ಎಷ್ಟು ಓಡುತ್ತದೆ ಎಂದು ಕೇಳುತ್ತಾರೆ. ಫಿಯೆಟ್ಟಿನ ಹತ್ತಿರ ಬಂದವರು ಏನನ್ನೂ ಕೇಳಲಿಲ್ಲ. ತಮ್ಮ ಮಾವನ ಕಾರು, ಕಾಂಪೌಂಡರ್ ತಾತನ ಕಾರು, ಯಾರದೋ ಮದುವೆಯ ದಿಬ್ಬಣದ ಕಾರು ಎಂದು ತಾವೇ ಹೇಳಿಕೊಂಡು ಬಾಗಿಲು ಸವರಿ ಹೋದರು. ಒಬ್ಬರಂತೂ ಕೈ ಮುಗಿದರು. ಅಸಲಿ ಕಾರಿನ ಒಡೆಯನಾಗುವುದೆಂದರೆ ಅರ್ಚಕನಾಗುವುದೇ. ತೊಳೆಯಬೇಕು, ಒರೆಸಬೇಕು, ಬಂದವರಿಗೆಲ್ಲ ದರ್ಶನ ಮಾಡಿಸಬೇಕು, ತಾನು ಮಾತ್ರ ಗರ್ಭಗುಡಿಯಲ್ಲಿ ಕಾಲು ಚಾಚುವಂತಿಲ್ಲ.

ವಾಪಸು ಬಂದ ಮೇಲೆ ಮೆಕ್ಯಾನಿಕ್ಕನನ್ನು ಪಕ್ಕಕ್ಕೆ ಕರೆದು, ಫಿಯೆಟ್ಟಿಗೆ ಸದ್ದಿಲ್ಲದೆ ಒಂದು ಎಲೆಕ್ಟ್ರಿಕ್ ಪಂಪು, ಮುಂದಕ್ಕೆ ಡಿಸ್ಕ್ ಬ್ರೇಕು, ಸಾಧ್ಯವಾದರೆ ಸಣ್ಣದೊಂದು ಎ.ಸಿ. ಕೂರಿಸಲು ಎಷ್ಟಾಗಬಹುದು ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಮೇಷ್ಟರು ಈಗ ತಾನೇ ಕೇಳಿದರು ಸರ್. ನಿಮ್ಮ ಪದ್ಮಿನಿಯ ಬಕೆಟ್ ಸೀಟು ತೆಗೆದು ಉದ್ದ ಸೀಟು ಹಾಕಿ, ಗೇರು ಮತ್ತೆ ಮೇಲಕ್ಕೆ ಏರಿಸಿ, ಹಳೆಯ ಎಂಜಿನ್ ಹುಡುಕಿ ಕೂರಿಸಬೇಕಂತೆ. ಇಬ್ಬರೂ ಸುಮ್ಮನೆ ಮನೆಗೆ ಹೋಗಿ. ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡು ಹೇಳುತ್ತಿದ್ದೇನೆ."

ವಿನಿಮಯ ಬೇಡವೆಂದು ಫೋನಿನಲ್ಲಿ ತಿಳಿಸಿದೆ. "ಒಳ್ಳೆಯದೇ ಆಯಿತು, ತಮ್ಮ ಕೂಡ ಮತ್ತೆ ವಕೀಲರ ಹೆಸರು ಎತ್ತುತ್ತಿದ್ದ" ಎಂದರು ಮೇಷ್ಟರು. ಆಮೇಲೆ ದನಿ ತಗ್ಗಿಸಿ, ಸೋಮವಾರ ನಂಜನಗೂಡಿಗೆ ಹೋಗಿಬರಬೇಕಿತ್ತು, ನಿಮ್ಮ ಕಾರು ಸಿಕ್ಕೀತೇ ಎಂದರು. ಕೊಟ್ಟೆ. ಮರ್ಯಾದೆಗೆ ತಮ್ಮ ಫಿಯೆಟ್ಟನ್ನು ನಮ್ಮ ಗೇಟಿನ ಮುಂದೆ ನಿಲ್ಲಿಸಿ ಹೋದರು. ಸಂಜೆ ನಾನು ಬಂದಾಗ ಹೆಂಡತಿ ಆ ಉದ್ದ ಸೀಟಿನಲ್ಲಿ ಪಕ್ಕದ ಮನೆಯಾಕೆಯ ಜೊತೆ ಕುಳಿತು, ಇಬ್ಬರ ನಡುವೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. "ಏನಿದು?" ಎಂದೆ. "ಪ್ರದರ್ಶನ. ಇದಕ್ಕೆ ಅನುಮತಿ ಇದೆಯಲ್ಲ?" ಎಂದಳು.