ಪಿಯುಸಿ ಮಕ್ಕಳಿಗೆ ಈ ಸಲಹೆ ಬೇಡ

ನಿಮ್ಮ ಲೇಖನದಲ್ಲಿ, ಹದಿನಾರು ಬಗೆಯ ವ್ಯಕ್ತಿತ್ವದಲ್ಲಿ ನಮ್ಮದು ಯಾವುದು ಅಂತ ಎಂಬಿಟಿಐ ಅನ್ನುವ ಪರೀಕ್ಷೆ ಮಾಡಿಕೊಂಡು, ಅದಕ್ಕೆ ಹೊಂದುವ ಕೋರ್ಸ್ ಸೇರಿ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ.

ಈ ಎಂಬಿಟಿಐಗೆ ಮೂಲ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ತಂದ ಪುಸ್ತಕ. ಪ್ರಶ್ನೆಗಳ ರೂಪ ಕೊಟ್ಟವರು ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್. ತೊಂದರೆ ಇರುವುದು ಅಳತೆಯಲ್ಲಿ. ಅಂತರ್ಮುಖಿ ಇಲ್ಲವೇ ಬಹಿರ್ಮುಖಿ, ಎರಡರಲ್ಲಿ ಒಂದು ಆಗಲೇಬೇಕು. ಆದರೆ ಹೆಚ್ಚಿನ ಜನ ಇರುವುದೇ ನಡುವೆ. ಅಂಥವರ ಒಂದೆರಡು ಉತ್ತರ ಬದಲಾದರೂ ಸಾಕು, ಟೈಪೇ ಬದಲಾಗುತ್ತದೆ. ಮತ್ತೆ ಪರೀಕ್ಷೆ ಬರೆದಾಗ ಎಷ್ಟೋ ಜನರಿಗೆ ಬೇರೆ ಟೈಪ್ ಬರುವುದು ಇದಕ್ಕೇ.

ನನ್ನ ತಂಗಿಯ ಮಗಳು ಇದನ್ನು ತುಂಬುತ್ತಿದ್ದಳು. ಹೊಸಬರ ಜೊತೆ ಮಾತಾಡಲು ಇಷ್ಟವೇ ಅನ್ನುವ ಪ್ರಶ್ನೆ ಬಂತು. "ದೊಡ್ಡಮ್ಮ, ಎಲ್ಲಿ? ಮದುವೆ ಮನೆಯಲ್ಲಾ, ಕ್ಲಾಸಲ್ಲಾ?" ಅಂದಳು. ಎಷ್ಟು ಸರಿಯಾದ ಮಾತು! ಮದುವೆ ಮನೆಯಲ್ಲಿ ಮೂಲೆ ಹಿಡಿದು ಕೂರುವ ಹುಡುಗಿ, ಬೀದಿ ಮಕ್ಕಳನ್ನೆಲ್ಲ ಸೇರಿಸಿ ಲೆಕ್ಕ ಹೇಳಿಕೊಡುವಾಗ ಮಾತು ನಿಲ್ಲಿಸುವುದೇ ಇಲ್ಲ. ಅಂತರ್ಮುಖಿ ಅಂತ ಬಂದ ಮಾತ್ರಕ್ಕೆ ಟೀಚರ್ ಆಗುವುದು ಬೇಡ ಅನ್ನಬೇಕಾ?

ತಮ್ಮ ಸ್ವಭಾವ ತಿಳಿಯುವ ಆಸೆ ಒಳ್ಳೆಯದೇ. ಅದಕ್ಕೆ ಬಿಗ್ ಫೈವ್ ಅನ್ನುವ ಇನ್ನೊಂದು ವ್ಯಕ್ತಿತ್ವ ಪರೀಕ್ಷೆ ಮೇಲು. ಇದೋ ಅದೋ ಅನ್ನದೆ, ಐದು ಗುಣ ಎಷ್ಟೆಷ್ಟಿವೆ ಅಂತ ತೋರಿಸುತ್ತದೆ. ಸಂಶೋಧಕರು ಜಾಸ್ತಿ ಬಳಸುವುದೂ ಅದನ್ನೇ. ನಿಮ್ಮನ್ನು ಚೆನ್ನಾಗಿ ಬಲ್ಲವರಿಂದಲೂ ನಿಮ್ಮ ಬಗ್ಗೆ ಉತ್ತರ ಬರೆಸಿ, ಹೋಲಿಸಿ ನೋಡಿ. ಕೆಲಸಕ್ಕೆ ಜನರನ್ನು ಆರಿಸಲು ಎಂಬಿಟಿಐ ಬಳಸಬಾರದು ಅಂತ ಅದನ್ನು ಪ್ರಕಟಿಸುವವರೇ ಹೇಳುತ್ತಾರೆ. ಲೇಖನದಲ್ಲಿ ದಯವಿಟ್ಟು ಅದನ್ನೂ ಸೇರಿಸಿ.