ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿ ಚುನಾವಣೆ ಬೇಕೇ?

ಪರ

1977ರ ಸೆಪ್ಟೆಂಬರ್. ಲೋಕಸಭಾ ಚುನಾವಣೆಯಲ್ಲಿ ಸೋತಿದ್ದರೂ ಇಂದಿರಾ ಗಾಂಧಿ ಅವರು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿಯೇ ಉಳಿದಿದ್ದರು. ವಿದ್ಯಾರ್ಥಿಗಳು ಅವರ ಮನೆಯವರೆಗೆ ಮೆರವಣಿಗೆ ಹೋದರು. ಸಂಘದ ಅಧ್ಯಕ್ಷ ಸೀತಾರಾಮ್ ಯೆಚೂರಿ ಮನವಿಯನ್ನು ಓದುತ್ತಿದ್ದರೆ ಇಂದಿರಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಆಮೇಲೆ ರಾಜೀನಾಮೆ ಕೊಟ್ಟರು.

ಆ ಛಾಯಾಚಿತ್ರ ಹೆಸರುವಾಸಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಪ್ರವೇಶದ ಅಂಕಗಳ ಕಥೆ. ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಹೆಚ್ಚುವರಿ ಅಂಕ ಕೊಡುವ ನಿಯಮ ಅಲ್ಲಿತ್ತು. 1983ರ ಚಳವಳಿಯ ನಂತರ ಅದನ್ನು ಕೈಬಿಟ್ಟರು. ವಿದ್ಯಾರ್ಥಿ ಸಂಘ ಪಟ್ಟು ಬಿಡದೆ ಹೋರಾಡಿದ್ದರಿಂದ ತೊಂಬತ್ತರ ದಶಕದಲ್ಲಿ ಅದು ಮರಳಿ ಬಂತು. ನಮ್ಮ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದ ಯರವ ಬುಡಕಟ್ಟಿನ ಹುಡುಗಿಯ ಪರವಾಗಿ ಹೀಗೆ ಹಟ ಹಿಡಿಯುವವರು ಇಲ್ಲಿ ಯಾರಿದ್ದಾರೆ?

2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿತು. ಅವುಗಳಲ್ಲಿ ಕೊಡಗು ವಿಶ್ವವಿದ್ಯಾಲಯವೂ ಒಂದು. ಹಣವಿಲ್ಲ ಎನ್ನುವುದು ಮುಖ್ಯ ಕಾರಣ. ಶಾಸಕರು ಮಾತನಾಡಿದರು, ಸಂಘಸಂಸ್ಥೆಗಳು ಮಾತನಾಡಿದವು. ಅಲ್ಲಿ ಓದುತ್ತಿರುವವರ ಹೆಸರಿನಲ್ಲಿ ಮಾತನಾಡುವ ಅಧಿಕಾರವಿದ್ದ, ಅವರೇ ಮತ ಹಾಕಿ ಆರಿಸಿದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಹದಿನೆಂಟಕ್ಕೆ ವಿಧಾನಸಭೆಗೆ ಮತ ಹಾಕುವವರು ತಮ್ಮ ತರಗತಿಯ ಮಾತಿಗೆ ಮತ ಹಾಕಬಾರದು ಎಂದರೆ ನಾನು ಒಪ್ಪಲಾರೆ.

ವಿರೋಧ

ದೆಹಲಿಯ ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. 1983ರ ಸಂಘರ್ಷದ ಬೆನ್ನಿಗೆ ಆ ವಿಶ್ವವಿದ್ಯಾಲಯ ಒಂದು ವರ್ಷ ಹೊಸ ಪ್ರವೇಶವನ್ನೇ ನಿಲ್ಲಿಸಿತು. ಬಂಧಿತರಾಗಿ ತಿಹಾರ್ ಜೈಲು ಸೇರಿದವರಲ್ಲಿ ಆಗ ಅಲ್ಲಿನ ವಿದ್ಯಾರ್ಥಿಯಾಗಿದ್ದ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಕೂಡ ಇದ್ದರು. ಮುಂದೆ ಅವರು ಹಾರ್ವರ್ಡ್‌ಗೆ ಹೋದರು, 2019ರಲ್ಲಿ ನೊಬೆಲ್ ಪಡೆದರು. ಲೈನ್ ಮನೆಯ ಹುಡುಗಿಗೆ ಒಂದು ವರ್ಷ ತಪ್ಪಿದರೆ ಅವಳು ಮರಳುವುದು ಓದಿಗಲ್ಲ, ಕಾಫಿ ಕೊಯ್ಲಿಗೆ.

ಅಲ್ಲಿನ ಚುನಾವಣೆಯನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ. ರಾತ್ರಿಯಿಡೀ ಅಧ್ಯಕ್ಷೀಯ ಅಭ್ಯರ್ಥಿಗಳ ಚರ್ಚೆ ನಡೆಯುತ್ತದೆ. ನಿಜ, ಅದು ಗೌರವಿಸಬೇಕಾದ ಸಂಪ್ರದಾಯ. ಆದರೆ ಹಾಸ್ಟೆಲಿನಲ್ಲಿ ಒಟ್ಟಿಗೆ ಬದುಕುವವರು ಕಟ್ಟಿದ್ದು ಅದು. ನಮ್ಮವರಲ್ಲಿ ಅನೇಕರು ಸಂಜೆಯ ಬಸ್ ತಪ್ಪಿದರೆ ಮನೆ ಸೇರಲಾರರು. ಚರ್ಚೆಗೆ ಕೂರುವವರು ಯಾರು? ಹೊರಗಿನ ಪಕ್ಷದ ಕಾರು ಯಾರಿಗಾಗಿ ಬರುತ್ತದೆಯೋ ಅವರು.

ಇನ್ನೊಂದು ಮಾತನ್ನು ಸಂಕಟದಿಂದಲೇ ಹೇಳುತ್ತೇನೆ. 2015ರ ನವೆಂಬರ್‌ನಲ್ಲಿ ಟಿಪ್ಪು ಜಯಂತಿಯ ವಿಷಯದಲ್ಲಿ ಮಡಿಕೇರಿ ಗಲಭೆಯನ್ನು, ಸಾವನ್ನು ಕಂಡಿದೆ. ಊರಿನ ಆ ಬಿರುಕು ಮತಪೆಟ್ಟಿಗೆಯ ಮೂಲಕ ತರಗತಿಯೊಳಗೆ ಇಳಿಯುವುದು ನನಗೆ ಬೇಡ. ಹೊಡೆದಾಟಗಳಿಂದ ಬೇಸತ್ತೇ ಕರ್ನಾಟಕ ಎಂಬತ್ತರ ದಶಕದ ಕೊನೆಗೆ ಈ ಚುನಾವಣೆಗಳನ್ನು ನಿಲ್ಲಿಸಿತು. ವಿದ್ಯಾರ್ಥಿ ಚುನಾವಣೆಗಳಿಗೆ ನಿಯಮ ಸೂಚಿಸಿದ ಲಿಂಗ್ಡೊ ಸಮಿತಿ 2006ರಲ್ಲಿ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ ಹಾಕಿತು. ಆ ಮಿತಿಯನ್ನು ಕಾಯುವವರು ಎಲ್ಲಿದ್ದಾರೆ?

ಪ್ರತಿನಿಧಿ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಪ್ರತಿ ವಿಭಾಗದವರು ಕುಳಿತು ಒಬ್ಬರನ್ನು ಆರಿಸಲಿ, ಅವರ ಮಾತನ್ನು ಕುಲಪತಿಗಳು ತಿಂಗಳಿಗೊಮ್ಮೆ ಕೇಳಲಿ. ಮೊದಲ ಸಭೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಮಾತಾಗಲಿ, ಎರಡನೆಯದರಲ್ಲಿ ಸಂಜೆಯ ಬಸ್ಸಿನದು.