ಹೆಲ್ಮೆಟ್ಟಿನ ಎಡಕ್ಕೆ ಬವೇರಿಯ, ಬಲಕ್ಕೆ ಬರ್ಲಿನ್

ಬವೇರಿಯದ ರಾಜಧಾನಿ ಮ್ಯೂನಿಕ್‌ನ ಕನ್ನಡಿಗರ ನಡುವೆ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ದಳ) ಮಾತು ಬಂದರೆ, ‘ಬವೇರಿಯಕ್ಕೂ ಹೀಗೇ ಸ್ವಂತ ಸೈನ್ಯ ಇತ್ತಲ್ಲ’ ಎಂದು ಯಾರಾದರೂ ಅನ್ನುವುದುಂಟು. ಇತ್ತು, ನಿಜ. ಆದರೆ ಹೀಗೇ ಅಲ್ಲ.

1871ರ ಜರ್ಮನ್ ಸಾಮ್ರಾಜ್ಯದಲ್ಲಿ 25 ರಾಜ್ಯಗಳು. ಎಲ್ಲಕ್ಕಿಂತ ದೊಡ್ಡದು ಪ್ರಷ್ಯ; ಬರ್ಲಿನ್‌ನಲ್ಲಿದ್ದ ಅದರ ರಾಜನೇ ಕೈಸರ್, ಅಂದರೆ ಇಡೀ ಸಾಮ್ರಾಜ್ಯದ ಚಕ್ರವರ್ತಿ. ಸ್ವಂತ ಯುದ್ಧಮಂತ್ರಿಯನ್ನು ಇಟ್ಟುಕೊಂಡವು ನಾಲ್ಕೇ: ಪ್ರಷ್ಯ, ಬವೇರಿಯ, ಸ್ಯಾಕ್ಸನಿ, ವುರ್ಟೆಂಬರ್ಗ್. ಬಾಡೆನ್ ತನ್ನ ದಂಡನ್ನು ಪ್ರಷ್ಯದ ಕೈಗೇ ಒಪ್ಪಿಸಿಬಿಟ್ಟಿತು. ಇಡೀ ಸಾಮ್ರಾಜ್ಯಕ್ಕೆಂದು ಯುದ್ಧಮಂತ್ರಿ ಇರಲೇ ಇಲ್ಲ. ಸಾಮ್ರಾಜ್ಯದ ಸಂಸತ್ತಾದ ರೈಶ್‌ಸ್ಟಾಗ್‌ನಲ್ಲಿ ಉತ್ತರ ಕೊಡುತ್ತಿದ್ದವನು ಪ್ರಷ್ಯದ ಯುದ್ಧಮಂತ್ರಿ. 1914ರ 25 ಕೋರ್‌ಗಳಲ್ಲಿ (ಕೋರ್ ಎಂದರೆ ಹಲವು ರೆಜಿಮೆಂಟುಗಳ ದೊಡ್ಡ ಸೇನಾ ವಿಭಾಗ) ಬವೇರಿಯದ್ದು 3, ಸ್ಯಾಕ್ಸನಿಯದ್ದು 2, ವುರ್ಟೆಂಬರ್ಗಿನದು 1, ಮಿಕ್ಕಿದ್ದೆಲ್ಲ ಪ್ರಷ್ಯದ ಲೆಕ್ಕ.

ಸ್ಯಾಕ್ಸನಿ, ವುರ್ಟೆಂಬರ್ಗ್ ಎರಡರ ದಳಗಳೂ ಪ್ರಷ್ಯದ ಸಾಲಿನಲ್ಲೇ ನಂಬರು ಪಡೆದವು. ವುರ್ಟೆಂಬರ್ಗಿನ ಮೊದಲ ಪದಾತಿ ರೆಜಿಮೆಂಟಿನ ನಂಬರು 119! ಬವೇರಿಯ ಮಾತ್ರ ಹಟ ಹಿಡಿದು 1ರಿಂದಲೇ ಎಣಿಸಿತು. ಹಾಗಾಗಿ ‘1ನೇ ಕೋರ್’ ಎಂದಷ್ಟೇ ಬರೆದರೆ ಅದು ಪ್ರಷ್ಯದ ಕೋನಿಗ್ಸ್‌ಬರ್ಗಿನದೂ ಆಗಬಹುದು, ಮ್ಯೂನಿಕ್‌ನದೂ ಆಗಬಹುದು.

ನೆತ್ತಿಯ ಮೇಲೆ ಮೊನೆಯಿದ್ದ, ಪ್ರಷ್ಯದಿಂದ ಬಂದ ಹೆಲ್ಮೆಟ್ಟನ್ನೇ ನೋಡಿ. 1886ರವರೆಗೆ ಬವೇರಿಯದವರು ಅದನ್ನು ತೊಡಲೂ ಇಲ್ಲ. ಉದ್ದನೆಯ ಜುಟ್ಟಿನ ತಮ್ಮದೇ ಹೆಲ್ಮೆಟ್ ಇತ್ತು. ಹೊಸದರ ಮುಂದೆ ಬವೇರಿಯದ ಸಿಂಹಲಾಂಛನ, ಎಡಬದಿಗೆ ಬಿಳಿ-ನೀಲಿ ಬಿಲ್ಲೆ. 1897ರಲ್ಲಿ ಬಲಬದಿಗೆ ಸಾಮ್ರಾಜ್ಯದ ಕಪ್ಪು-ಬಿಳಿ-ಕೆಂಪು ಬಿಲ್ಲೆಯೂ ಸೇರಿತು. ಇಷ್ಟು ಕಣ್ಣಿಗೆ ಕಾಣುವುದು. ನನ್ನ ಪ್ರಕಾರ ಅಸಲು ವಿಷಯ ಇರುವುದು ಪ್ರಮಾಣವಚನದಲ್ಲಿ. ಬವೇರಿಯದ ಸಿಪಾಯಿ ನಿಷ್ಠೆಯ ಆಣೆ ಇಟ್ಟದ್ದು ತನ್ನ ರಾಜನಿಗೆ. ಯುದ್ಧ ಬಂದರೆ ಮಾತ್ರ ಕೈಸರ್‌ನ ಆಜ್ಞೆ ಪಾಲಿಸುತ್ತೇನೆ ಎಂಬುದು ಅದಕ್ಕೆ ಸೇರಿಸಿದ ವಾಕ್ಯ. ಅಧಿಕಾರಿಗಳ ನೇಮಕ, ಬಡ್ತಿಗೂ ರಾಜನದೇ ರುಜು. ಕೈಸರ್‌ಗೆ ಶಾಂತಿಕಾಲದಲ್ಲಿ ತಪಾಸಣೆಯ ಹಕ್ಕಷ್ಟೇ. ಸ್ಯಾಕ್ಸನಿಗೆ ಈ ಭಾಗ್ಯವಿಲ್ಲ: ಕೋರ್ ದಳಪತಿಯ ಹೆಸರು ಸೂಚಿಸುವವನು ರಾಜ, ನೇಮಿಸುವವನು ಕೈಸರ್.

ದುಡ್ಡಿನ ವಿಷಯದಲ್ಲಿ ಬವೇರಿಯದ ಸ್ವಾತಂತ್ರ್ಯವೂ ಅರ್ಧಂಬರ್ಧವೇ. ಒಬ್ಬ ಸಿಪಾಯಿಯ ತಲೆಗೆ ಇಷ್ಟು ಎಂಬ ಲೆಕ್ಕ ಸಾಮ್ರಾಜ್ಯದ್ದು (ಮೊದಲ ಸಂವಿಧಾನದಲ್ಲಿ 225 ಟಾಲರ್, ಅಂದಿನ ಬೆಳ್ಳಿ ನಾಣ್ಯ). ಒಟ್ಟು ಮೊತ್ತ ಕಡಿತ ಮಾಡುವಂತಿಲ್ಲ. ಯಾವ ಬಾಬಿಗೆ ಎಷ್ಟು ಎಂಬುದು ಮಾತ್ರ ಮ್ಯೂನಿಕ್‌ನ ತೀರ್ಮಾನ.

ಮೈಸೂರಿನ ಕತೆ ತಿರುಗುಮುರುಗು. ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದ 1881ರ ಹಸ್ತಾಂತರ ಪತ್ರ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ ಗೊತ್ತುಮಾಡಿತು. ಸೈನ್ಯ ಎಷ್ಟಿರಬೇಕೆಂದು ಹೇಳುವವನು ಗವರ್ನರ್ ಜನರಲ್; ಹೊಸ ಕೋಟೆ ಕಟ್ಟುವಂತಿಲ್ಲ. ಲ್ಯಾನ್ಸರ್ಸ್‌ನ ಖರ್ಚು ಪೊಗದಿಯ ಮೇಲೆ ಬೇರೆ. ಸವಾರರು, ಅವರ ಅಧಿಕಾರಿಗಳು ನಮ್ಮವರೇ, ಆದರೆ ಮೈಸೂರು, ಹೈದರಾಬಾದ್, ಜೋಧಪುರ ದಳಗಳ ಬ್ರಿಗೇಡಿನ ಚುಕ್ಕಾಣಿ ಬ್ರಿಟಿಷರ ಕೈಲಿ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಬಂದರು ಹೈಫಾದ ಮೇಲೆ ನುಗ್ಗಿದ್ದೂ ಅದೇ ಏರ್ಪಾಡಿನಲ್ಲಿ. 1914ರ ಆಗಸ್ಟ್‌ನಲ್ಲಿ ಬವೇರಿಯದ ಮೂರೂ ಕೋರ್‌ಗಳು ಫ್ರಾನ್ಸ್ ಗಡಿಯ ಲೊರೇನ್‌ನಲ್ಲಿ ಕಾದಾಡಿದ್ದು ಯುವರಾಜ ರುಪ್ರೆಷ್ಟನ ಕೈಕೆಳಗೆ. ಅವನು ಅವರದೇ ರಾಜನ ಮಗ.